ಮೂರು ಭಾಷೆಗೆ ಒಂದೇ ಬೆಲೆ

ಉಳಿತಾಯ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ಹಾಲಿನವನು ಬಾಯಿತಪ್ಪಿ ಆಡಿದರೂ ಸಾಕು, ಅವನ ಮೇಲೆ ಹರಿಹಾಯುತ್ತೇನೆ. ಪಾಪ, ಅವನ ತಪ್ಪೇನೂ ಇಲ್ಲ.

ನಮ್ಮದು ಮಹಾರಾಷ್ಟ್ರದ ಗಡಿಯ ಊರು ಉಮರ್ಗಾದಲ್ಲಿ ಅಯ್ಯನವರ ಮನೆ. ಮಾವನವರು ಮತ್ತು ಅವರ ಮಗ, ಅಂದರೆ ನನ್ನ ಯಜಮಾನರು, ಸುತ್ತಲಿನ ಊರುಗಳ ಭಕ್ತರ ಮನೆಗಳಿಗೆ ಪೂಜೆಗೆ, ಲಗ್ನಕ್ಕೆ ಹೋಗುವವರು. ಜಾತಕ ಕೂಡಿಸುವುದು, ಮುಹೂರ್ತ ತೆಗೆಯುವುದು, ಲಗ್ನಪತ್ರಿಕೆ ಬರೆಯುವುದು ಎಲ್ಲ ಮೊದಲು ಮಾವನವರ ಕೈಯಿಂದಲೇ ಆಗುತ್ತಿತ್ತು. ಅವರ ಕಣ್ಣು ಮಂಜಾದ ಮೇಲೆ ಕಂಪ್ಯೂಟರಿಗೆ ಪಂಚಾಂಗದ ಸಾಫ್ಟ್‌ವೇರ್ ಬಂತು, ಕೆಲಸ ನನ್ನ ಪಾಲಿಗೆ ಬಂತು. ನಾನು ದೇವಣಿಯ ಮರಾಠಿ ಶಾಲೆಯಲ್ಲಿ ಓದಿದವಳು. ಮನೆಮಾತು ಕನ್ನಡವಾದರೂ ಅಕ್ಷರ ಗೊತ್ತಿರಲಿಲ್ಲ. ಮಾವನವರದು ತಿರುಗುಮುರುಗು. ಹುಡುಗರಾಗಿದ್ದಾಗ ಗಡಿಯಾಚೆಯ ಮಠದಲ್ಲಿ ಕನ್ನಡ ಕಲಿತವರು. ಮರಾಠಿಯನ್ನು ನೀರು ಕುಡಿದಂತೆ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಅವರೇ ನನ್ನ ಪಕ್ಕ ಸ್ಟೂಲು ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು ಕಲಿಸಿದರು. "ಇದು ಮಕಾರ ಯವ್ವಾ, ಬಾಲ ನೋಡು ಅದರದು" ಎಂದು ನಗಿಸುತ್ತಿದ್ದರು.

ನಮ್ಮ ಕಡೆ ಎರಡೂ ಕಡೆಯ ಬೀಗರ ಎದುರು ಅಯ್ಯನವರು ಪತ್ರಿಕೆ ಓದದೆ ಲಗ್ನ ನಿಶ್ಚಯವಾದಂತಲ್ಲ. ನಾನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಟ್ಟದ್ದನ್ನು ಮಾವನವರು ಎದ್ದು ನಿಂತು ಓದುತ್ತಿದ್ದರು. ಆ ಧ್ವನಿಗೆ ಚಹಾ ಹಂಚುವವರೂ ಇದ್ದಲ್ಲೇ ನಿಲ್ಲುತ್ತಿದ್ದರು. ಪೂಜೆಯನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟಿದ್ದ ಅವರು ತಮಗೆಂದು ಇಟ್ಟುಕೊಂಡಿದ್ದ ಕೆಲಸ ಅದೊಂದೇ.

ಸಾಫ್ಟ್‌ವೇರನ್ನು ವರ್ಷಕ್ಕೊಮ್ಮೆ ರಿನೀವಲ್ ಮಾಡಿಸಬೇಕು. ಹೋದ ವರ್ಷ ಯಜಮಾನರು ಅದಕ್ಕೆಂದೇ ಉದಗೀರದ ಅಂಗಡಿಗೆ ಹೋದವರು ಯುದ್ಧ ಗೆದ್ದವರ ಹಾಗೆ ತಿರುಗಿ ಬಂದರು.

"ಮಸ್ತ್ ಆಫರ್ ಸಿಕ್ಕದ ನೋಡು. ಮರಾಠಿ, ಹಿಂದಿ, ಇಂಗ್ಲಿಷ್, ಮೂರೂ ಭಾಷಾ ಒಂದೇ ಬೆಲಿಗಿ. ಮ್ಯಾಲ ಆಂಟಿವೈರಸ್ ಫುಕಟ್. ಅರ್ಧಾ ರೊಕ್ಕ ಉಳದಾವ, ಕೊಟ್ಟದ್ದರಾಗೂ ಒಂದಿಷ್ಟು ಖಾತಾಕ್ಕ ವಾಪಸ್ ಬರ್ತಾವ."

"ಮತ್ತ ಕನ್ನಡ?" ಎಂದೆ.

ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. "ಅದೂ ಇರ್ತದಲ್ಲ. ಮೊದಲೇ ಇತ್ತಲ್ಲ."

ಇರಲಿಲ್ಲ. ಹೊಸದನ್ನು ಹಾಕಿದ ಕೂಡಲೇ ಹಳೆಯದು ಹೋಯಿತು. ಭಾಷೆಗಳ ಸಾಲಿನಲ್ಲಿ ಕನ್ನಡದ ಎದುರಿಗೆ ಒಂದು ಬೀಗದ ಚಿತ್ರ ಬಂದು ಕೂತಿತ್ತು.

ಕಂಪನಿಗೆ ಫೋನ್ ಹಚ್ಚಿದೆ. ಎತ್ತಿದ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಹಿಂದಿ ಮಾತಾಡಿದಳು. ಮಹಾರಾಷ್ಟ್ರದವರಿಗೆ ಮಹಾರಾಷ್ಟ್ರದ ಪ್ಯಾಕ್, ಕನ್ನಡ ಬೇಕಾದರೆ ಕರ್ನಾಟಕದ ಪ್ಯಾಕ್ ಬೇರೆ ಕೊಳ್ಳಬೇಕು, ಅದರ ರಿಯಾಯಿತಿ ಮಾತ್ರ ಕರ್ನಾಟಕದ ವಿಳಾಸದವರಿಗೇ ಅಂತೆ. ನಾವು ಕನ್ನಡದವರೇ ಎಂದೆ. ಹಾಗಾದರೆ ಮಹಾರಾಷ್ಟ್ರದಲ್ಲಿ ಯಾಕಿದ್ದೀರಿ ಮೇಡಂ ಎಂದು ಕೇಳಿದಳು. ಕೊಂಕೇನೂ ಇರಲಿಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯಾಕಿದ್ದೇವೆ! ನಾವು ಎಲ್ಲಿಂದಲೋ ಬಂದವರಲ್ಲ ತಾಯಿ, ಇದ್ದಲ್ಲೇ ಇದ್ದೇವೆ, ಗೆರೆ ಎಳೆದವರು ಬೇರೆಯವರು. ಅಷ್ಟನ್ನೆಲ್ಲ ಹಿಂದಿಯಲ್ಲಿ ಒದರಲು ನನಗೆ ಬರಲಿಲ್ಲ. ಫೋನ್ ಕುಕ್ಕಿದೆ.

"ಬಸವಕಲ್ಯಾಣದಾಗ ಅಕ್ಕನ ಮನಿ ಅದಲ್ಲ, ಆಕಿ ಪತ್ತಾ ಕೊಟ್ಟುಬಿಡು. ಆ ರಿಯಾಯಿತಿನೂ ಸಿಗ್ತದ" ಎಂದರು ಯಜಮಾನರು.

"ನಮ್ಮ ಭಾಷಾ ನಮ್ಮ ಮನಿಗಿ ಕದ್ದು ತರಬೇಕೇನ್ರಿ?" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಸ್ಟೂಲಿನ ಮೇಲೆ ಕೂತಿದ್ದ ಮಾವನವರು ನಡುವೆ ಬಾಯಿ ಹಾಕಿದರು. "ಇರ್ಲಿ ಬಿಡವ್ವಾ. ಈ ಸಲ ಮರಾಠಿದಾಗೇ ತೆಗಿ. ಲಿಪಿ ಯಾವುದಾದ್ರ ಏನು, ನಾ ಓದ್ತೀನಿ."

ನಿಲಂಗಾದ ಹತ್ತಿರದ ಹಳ್ಳಿಯಲ್ಲಿ ಮರುದಿನವೇ ಒಂದು ಲಗ್ನಪತ್ರಿಕೆ ಇತ್ತು. ಕನ್ನಡದಲ್ಲಿ ಕೈಯಿಂದಲೇ ಬರೆಯಲು ಕೂತೆ. ನನ್ನದು ಕೋಳಿ ಕೆದರಿದಂಥ ಅಕ್ಷರ, ಅದನ್ನು ಮಾವನವರ ಕಣ್ಣು ಹಿಡಿಯಲಿಲ್ಲ. ಕಡೆಗೆ ಮರಾಠಿಯದನ್ನೇ ಮುದ್ರಿಸಿದೆ.

ಅಲ್ಲಿ ಮಾವನವರು ಎಂದಿನಂತೆ ಎದ್ದು ನಿಂತರು. ಕಾಗದವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ದೇವರ ಹೆಸರು ಬಾಯಿಪಾಠ, ಅದು ಬಂತು. ಮುಂದೆ ವರನ ಊರಿನ ಹೆಸರಿನಲ್ಲೇ ನಿಂತುಬಿಟ್ಟರು. ಯಾರೋ ಕೆಮ್ಮಿದರು, ಹುಡುಗರು ಮೊಬೈಲು ತೆಗೆದರು. "ಕಣ್ಣ ಮಂಜ ಆಗ್ಯಾವಪ್ಪ" ಎಂದು ಕಾಗದವನ್ನು ಮಗನ ಕೈಗೆ ಕೊಟ್ಟರು. ಯಜಮಾನರು ಸರಸರನೆ ಓದಿ ಮುಗಿಸಿದರು. ವರನ ಕಡೆಯ ಹಿರಿಯರೊಬ್ಬರು ತಲೆದೂಗಿದರು.

"ಅಯ್ನೋರ, ಇನ್ನ ಮಗನ ಕೈಯಾಗೇ ಕೊಡ್ರಿ. ನೀವು ಆರಾಮ ಕುಂತು ಆಶೀರ್ವಾದ ಮಾಡ್ರಿ."

ಮಾವನವರು ನಗುತ್ತ ಕೂತರು. ತಿರುಗಿ ಬರುವಾಗ ಬಸ್ಸಿನಲ್ಲಿ ಯಜಮಾನರ ಮೊಬೈಲು ಸದ್ದು ಮಾಡಿತು. ವಾಪಸು ಬರಬೇಕಾದ ರೊಕ್ಕ ಖಾತೆಗೆ ಬಂದಿತ್ತು. ನನಗೆ ತೋರಿಸಲು ಬಂದರು. ಉಮರ್ಗಾ ಬರುವವರೆಗೆ ಅವರ ಕಡೆ ತಿರುಗಿ ನೋಡಲಿಲ್ಲ ನಾನು.

ಮರುದಿನ ನಮ್ಮ ವಿಳಾಸವನ್ನೇ ಕೊಟ್ಟು, ರಿಯಾಯಿತಿ ಇಲ್ಲದೆ, ಪೂರ್ತಿ ಬೆಲೆಗೆ ಕನ್ನಡ ಕೊಂಡೆ. ಬೀಗ ತೆಗೆಯಿತು. ಮುಂದಿನ ಪತ್ರಿಕೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಮಾವನವರ ಕೈಗಿಟ್ಟೆ. ಅದರ ಮೇಲೆ ಬೆರಳಾಡಿಸಿದರು. "ಛಲೋ ಬಂದದವ್ವಾ. ಆದ್ರ ಅಂವಾನೇ ಓದ್ಲಿ. ಮಂದಿಗಿ ಅದೇ ಸೇರ್ತದ" ಎಂದು ತಿರುಗಿ ಕೊಟ್ಟರು. ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಮೇಲೂ ನನಗೆ ಸಿಟ್ಟು ಬಂತು. ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದೇ? ಯಜಮಾನರಿಗೆ ಓದಲು ಬರುವುದು ಮರಾಠಿಯೊಂದೇ, ಹಾಗಾಗಿ ಆಮೇಲೆ ವರ್ಷವಿಡೀ ಮರಾಠಿ ಪತ್ರಿಕೆಗಳೇ ಹೋದವು. ಮಾವನವರು ಹೋದಲ್ಲೆಲ್ಲ ಕೂತೇ ಇದ್ದರು.

ಮೊನ್ನೆ ಈ ವರ್ಷದ ರಿನೀವಲ್ ಮೆಸೇಜು ಬಂತು. ಹೋದ ವರ್ಷ ನೀವು ಕನ್ನಡವನ್ನು ಬಳಸಿದ್ದು ಒಂದೇ ಸಲ, ಅದನ್ನು ಕೈಬಿಟ್ಟರೆ ಇನ್ನಷ್ಟು ಉಳಿತಾಯ ಎಂದು ಬರೆದಿದ್ದರು. ಮೊದಲು ಅದಕ್ಕೆ ಬೀಗ ಹಾಕಿದವರೇ ಈಗ ಅದು ನಮಗೆ ಬೇಡವಾಗಿದೆ ಎಂದು ನಮಗೇ ಹೇಳುತ್ತಾರೆ! ಮೊಬೈಲನ್ನು ಯಜಮಾನರ ಮುಂದೆ ಹಿಡಿದೆ. ಓದಿದರು. ಈ ಸಲ ಉಳಿತಾಯದ ಮಾತು ಎತ್ತಲಿಲ್ಲ.

"ಎರಡೂ ಇರ್ಲಿ, ಪೂರ್ತಿ ರೊಕ್ಕ ಕಟ್ಟು" ಎಂದರು.

ಕಟ್ಟಿದೆ. ಆ ದಿನದ ಪಂಚಾಂಗವನ್ನು ಕನ್ನಡದಲ್ಲಿ, ಇದ್ದುದರಲ್ಲೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಪಡಸಾಲೆಯಲ್ಲಿ ಕೂತಿದ್ದ ಮಾವನವರ ಮುಂದೆ ಹಿಡಿದೆ.

"ಓದ್ರಿ ಮಾವಾರ. ಜೋರಲೆ ಓದ್ರಿ."

"ಯಾರಿಗವ್ವಾ?"

"ನನಗ್ರಿ. ಈ ಮನ್ಯಾಗ ಕನ್ನಡ ಯಾರೂ ಬಳಸಂಗಿಲ್ಲಂತ. ಕಂಪನಿಯವರು ಬರದು ಕಳಿಸ್ಯಾರ."

ನನ್ನ ಮುಖ ನೋಡಿದರು. ಕನ್ನಡಕವನ್ನು ಧೋತರದ ಅಂಚಿನಿಂದ ಒರೆಸಿ ಹಾಕಿಕೊಂಡರು. ಮೊದಲ ಸಾಲನ್ನು ಕೂತೇ ಓದಿದರು. ಎರಡನೆಯ ಸಾಲಿಗೆ ಗೋಡೆ ಹಿಡಿದು ಎದ್ದು ನಿಂತರು.