ಪಂಚಮಿಯ ಸೀರೆ, ಸೆಫ್ವಿ ಥಂಡಾ

ನಮ್ಮ ಅಣ್ಣನಿಗೆ ತಂಗಿಯ ಮೇಲೆ ವಿಪರೀತ ಪ್ರೀತಿ. ಎಷ್ಟು ಅಂದರೆ, ಅಪ್ಪ ತೀರಿಕೊಂಡ ಮರುವರ್ಷ ಪಂಚಮಿಗೆ ಮೊದಲೇ ಕಾರು ತಗೊಂಡು ಸೋಲಾಪುರದ ನನ್ನ ಮನೆ ಬಾಗಿಲಿಗೆ ಬಂದು ನಿಂತ. ಅಲ್ಲಿಯವರೆಗೆ ಆ ಪ್ರೀತಿ ಫೋನಿನಲ್ಲೇ ಮುಗಿಯುತ್ತಿತ್ತು, ‘ಎಸ್.ಟಿ. ಬಸ್ಸಿಗೆ ಬಂದಬಿಡವಾ’ ಎಂಬ ಒಂದೇ ಮಾತಿನಲ್ಲಿ. ಈ ಸಲ ಕೈಯಲ್ಲಿ ಇಳಕಲ್ ಸೀರೆ, ಸೀರೆಯ ಕೆಳಗೆ ಕಾಗದ. ಮರಾಠಿಯಲ್ಲಿ ಬರೆಸಿದ ಹಕ್ಕಸೋಡ ಪತ್ರ. ನಾಗಣಸೂರಿನ ಅಪ್ಪನ ಹೊಲದಲ್ಲಿ ನನ್ನ ಪಾಲು ನನಗೆ ಬೇಡವೆಂದು ನಾನು ಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವುದು. ನನ್ನ ಸಂತೋಷವನ್ನು ವಕೀಲರ ಕಡೆಯಿಂದ ಮೊದಲೇ ಟೈಪು ಮಾಡಿಸಿದ್ದ, ಪುಣ್ಯಾತ್ಮ.

“ಅಕ್ಕಲಕೋಟಿ ಹಾದಿಮ್ಯಾಲೇ ಐತಿ. ಕಚೇರಿಗಿ ಹೋಗಿ ಸಹಿ ಮಾಡೂದು, ಅಲ್ಲಿಂದ ಸೀದಾ ಹಬ್ಬಕ್ಕ. ಐದ ಮಿನಿಟಿನ ಕೆಲಸ,” ಎಂದ.

ಚಹಾ ಇಡುವ ನೆಪ ಮಾಡಿ ಒಳಗೆ ಹೋದೆ. ಮದುವೆಯಾಗುವವರೆಗೆ ಆ ಹೊಲದ ತೊಗರಿಯಲ್ಲಿ ಕಳೆ ತೆಗೆದವಳು ನಾನು. ಅಣ್ಣ ಆಗ ಸೋಲಾಪುರದಲ್ಲಿ ಕಾಲೇಜಿನ ಹೆಸರಿನಲ್ಲಿ ಸಿನಿಮಾ ನೋಡುತ್ತಿದ್ದ. ಸಹಿ ಮಾಡಿದರೆ ಹೊಲ ಹೋಗುತ್ತದೆ, ಮಾಡದಿದ್ದರೆ ತವರು ಹೋಗುತ್ತದೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ನಮ್ಮ ಮಹಡಿಯ ಹುಡುಗಿಯ ವಿಷಯ ಹೇಳಬೇಕು. ಔಷಧಶಾಸ್ತ್ರ ಓದಲು ಘಾನಾ ದೇಶದಿಂದ ಬಂದು ನಮ್ಮಲ್ಲಿ ಬಾಡಿಗೆಗೆ ಇದ್ದವಳು. ಗಲ್ಲಿಯವರು ಅವಳನ್ನು ‘ಆಫ್ರಿಕಾ’ ಎಂದೇ ಕರೆಯುತ್ತಿದ್ದರು. ಒಂದು ಹುಡುಗಿಗೆ ಇಡೀ ಖಂಡವನ್ನೇ ಕೊಟ್ಟುಬಿಡುವಷ್ಟು ದೊಡ್ಡ ಮನಸ್ಸು ನಮ್ಮವರದು! ಅವಳೋ, “ನಾ ಸೆಫ್ವಿ,” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅಕಾನ್ ಜನರಲ್ಲಿ ಅದೊಂದು ಪಂಗಡ. ದೇಶದ ಪಶ್ಚಿಮಕ್ಕೆ ಕಾಡು, ಕೋಕೋ ತೋಟದ ಸೀಮೆ. ಮನೆಯಲ್ಲಿ ಸೆಫ್ವಿ ಮಾತು, ಶಾಲೆಯಲ್ಲಿ ಕಲಿಸಿದ್ದು ಬಲಾಢ್ಯ ನೆರೆಯವರಾದ ಅಸಾಂಟೆಯವರ ಟ್ವಿ, ಮೇಲೆ ಇಂಗ್ಲಿಷು. ರಾಜಧಾನಿಗೆ ಹೋದರೆ ‘ನೀನು ಅಸಾಂಟೆ ಅಲ್ಲವೇ’ ಅನ್ನುತ್ತಾರಂತೆ. ಗಡಿಯ ಆಚೆ ಐವರಿ ಕೋಸ್ಟಿನಲ್ಲಿ ಹೆಚ್ಚುಕಡಿಮೆ ಅದೇ ಮಾತಾಡುವ ಜನ ಇದ್ದಾರೆ, ಅವರು ಫ್ರೆಂಚ್ ಓದಿದವರು. ಕೇಳಿ ನಕ್ಕುಬಿಟ್ಟೆ. ನಾವು ಸೋಲಾಪುರದಲ್ಲಿ ಕಾನಡಿಗಳು, ವಿಜಾಪುರಕ್ಕೆ ಹೋದರೆ ಮಹಾರಾಷ್ಟ್ರದವರು. ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಇವಳಿಗೆ ಕನ್ನಡ ಕಲಿಸಿದ್ದು ನಾನೇ. ಮಾತಾಡಿಸಿದರೆ ಮರಾಠಿಯಲ್ಲಿ ಉತ್ತರ ಕೊಡುವ ನನ್ನ ಮಗನಿಗಿಂತ ಚಂದ ಮಾತಾಡುತ್ತಿದ್ದಳು.

ತಮ್ಮವರ ಚರಿತ್ರೆಯನ್ನೂ ಹೇಳುತ್ತಿದ್ದಳು. ಹಿಂದೊಮ್ಮೆ ಅಸಾಂಟೆ ಅರಸ ದೂರದ ಯುದ್ಧಕ್ಕೆ ಹೋದಾಗ ಸೆಫ್ವಿಗಳು ಅವನ ರಾಜಧಾನಿಗೆ ನುಗ್ಗಿ ಕೊಳ್ಳೆ ಹೊಡೆದರಂತೆ. ಆಮೇಲೆ ಅಸಾಂಟೆಯವರಿಂದ ಸರಿಯಾಗಿ ಪೆಟ್ಟು ತಿಂದರಂತೆ. ಅವರಾದರೂ ಮಾಲೀಕ ಮನೆಯಲ್ಲಿ ಇಲ್ಲದಾಗ ನುಗ್ಗಿದರು. ನಮ್ಮ ಅಣ್ಣ, ಮಾಲೀಕಳು ಚಹಾ ಸೋಸುತ್ತಿದ್ದಾಗಲೇ ಬಂದು ಕೂತಿದ್ದ.

ಹುಡುಗಿ ಅಡುಗೆಮನೆಗೆ ಇಣುಕಿ, “ಮಾಮಾ ಯಾಕ ಬಂದಾರ ಕಾಕು?” ಎಂದು ಕೇಳಿದಳು.

“ಹೊಲದ ಕಾಗದ ತಂದಾರವಾ,” ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಶಕ್ತಿ ಇರಲಿಲ್ಲ.

ಅವಳ ಮುಖ ಅರಳಿತು. ಓಡಿಹೋಗಿ ಮೂಲೆಯ ಅಂಗಡಿಯಿಂದ ಥಂಡಾ ಪಾನೀಯದ ಬಾಟಲಿ ತಂದಳು. ನನ್ನ ಗಂಡನನ್ನೂ ಕರೆದು ಕೂರಿಸಿದಳು. ಗ್ಲಾಸು ತುಂಬಿ, ತಲೆ ಬಾಗಿಸಿ, ಅಣ್ಣನ ಮುಂದೆ ಹಿಡಿದಳು. ಬಿಸಿಲಲ್ಲಿ ಬಂದಿದ್ದ ಅಣ್ಣ ಗಟಗಟ ಕುಡಿದ. “ಭಾಳ ಛಲೋ ಹುಡುಗಿ,” ಅಂತ ಸರ್ಟಿಫಿಕೇಟನ್ನೂ ಕೊಟ್ಟ.

ಹುಡುಗಿ ಚಪ್ಪಾಳೆ ತಟ್ಟಿದಳು. “ಪಕ್ಕಾ ಆತು! ಇನ್ನ ಹೊಲ ಕಾಕುನ ಮಗಗ!”

ಅಣ್ಣನಿಗೆ ಕೆಮ್ಮು ಹತ್ತಿತು. ಅವಳು ಪಾಪ, ಸಂಭ್ರಮದಿಂದ ಬಿಡಿಸಿ ಹೇಳಿದಳು: “ನಮ್ಮ ಕಡೆ ಮಕ್ಕಳು ತಾಯಿ ಮನಿತನಕ್ಕ ಸೇರ್ತಾರ. ಮಾಮಾನ ಆಸ್ತಿ ತಂಗಿ ಮಕ್ಕಳಿಗೇ. ಮಾಮಾ ಕೊಟ್ರ ನಾವು ಮಂದಿ ಮುಂದ ಕುಡಿಯಾಕ ಕೊಡ್ತೀವಿ. ಕುಡದ್ರು ಅಂದ್ರ ಮುಗೀತು, ತಿರುಗಿ ತಗೊಳ್ಳಾಕ ಬರೂದಿಲ್ಲ.”

ಸೋದರಮಾವ ಕಾಗದ ಹಿಡಿದು ತಂಗಿಯ ಮನೆಗೆ ಬಂದಿದ್ದಾನೆ ಎಂದರೆ ಕೊಡಲಿಕ್ಕೇ ಬಂದಿರಬೇಕು! ಇಂಥ ತಪ್ಪು ತಿಳಿವಳಿಕೆ ನಮ್ಮ ಅಕ್ಕಲಕೋಟೆ ತಾಲೂಕಿನಲ್ಲಿ ಹುಟ್ಟಿದ ಹೆಣ್ಣಿಗೆ ಸತ್ತರೂ ಬಾರದು. ನನಗೆ ನಗು ಬಂತು. ನಗುತ್ತ ನಗುತ್ತಲೇ ಅತ್ತುಬಿಟ್ಟೆ.

“ಏನ್ ಹುಚ್ಚರ ಸಂತಿ ಇದು!” ಅಣ್ಣ ಗ್ಲಾಸು ಕುಕ್ಕಿದ. “ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನಮ್ಮ ಹಿರ್ಯಾರಿಂದ ಬಂದ ರೂಢಿ.”

“ಇವರದೂ ಹಿರ್ಯಾರಿಂದ ಬಂದದ್ದ ಅಣ್ಣಾ. ನೀ ಕುಡದೂ ಆತು,” ಎಂದೆ. “ನಾ ಸಹಿ ಮಾಡೂದಿಲ್ಲ.”

“ಹಂಗಾರ ತವರಿನ ಬಾಗಿಲಾ ಮುಚ್ಚಿತಂತ ತಿಳಕೋ.”

ಕಾಗದ ಎತ್ತಿಕೊಂಡ. ಸೀರೆಯನ್ನೂ ಎತ್ತಿಕೊಂಡ. ಪ್ರೀತಿ ಎಷ್ಟೇ ಇರಲಿ, ವ್ಯವಹಾರ ಚೊಕ್ಕ ಇರಬೇಕಲ್ಲ.

ಹುಡುಗಿಗೆ ಎಲ್ಲ ತಿಳಿಸಿದಾಗ ತಾನೇ ಮನೆ ಮುರಿದೆನೆಂದು ಕೊರಗಿದಳು. ತಮ್ಮ ಕಡೆಯದೇನೂ ಸ್ವರ್ಗವಲ್ಲವೆಂದೂ ಹೇಳಿದಳು. ಅವಳ ಸೋದರಮಾವ ಸತ್ತಾಗ ಅವನ ಹೆಂಡತಿ, ಮಕ್ಕಳು ತಾವೇ ದುಡಿದ ಕೋಕೋ ತೋಟ ಬಿಟ್ಟು ಬರಿಗೈಲಿ ಹೊರಟರಂತೆ. ಹೌದವ್ವಾ, ರೂಢಿ ಯಾರದಾದರೇನು, ಗಂಟುಮೂಟೆ ಕಟ್ಟಿ ಹೊರಡುವವಳು ಒಬ್ಬಳು ಇರಲೇಬೇಕು.

ಪಂಚಮಿಯ ದಿನ ನಾನೂ ಅವಳೂ ಎಸ್.ಟಿ. ಹಿಡಿದು ನಾಗಣಸೂರಿಗೆ ಹೋದೆವು. ತವರಿನ ಬಾಗಿಲು ನಿಜಕ್ಕೂ ಮುಚ್ಚಿತ್ತು. ಒಳಗೆ ಅಣ್ಣನ ಹೆಂಡತಿ, ನಮ್ಮ ವೈನಿಯ ಬಳೆ ಸಪ್ಪಳ ಕೇಳುತ್ತಿತ್ತು. ಎರಡು ಸಲ ಕದ ಬಡಿದೆ. ಸಪ್ಪಳ ನಿಂತಿತು, ಕದ ತೆರೆಯಲಿಲ್ಲ. ಹುಟ್ಟಿದ ಮನೆಯ ಹೊಸ್ತಿಲಿಗೆ ನಮಸ್ಕಾರ ಮಾಡಿ ಹೊಲದ ಹಾದಿ ಹಿಡಿದೆ.

ತೊಗರಿ ಮೊಳಕಾಲೆತ್ತರ ಬಂದಿತ್ತು. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಆಚೆ ತುದಿಯಲ್ಲಿ ಅಣ್ಣ ನಿಂತಿದ್ದ. ನಮ್ಮನ್ನು ನೋಡಿಯೂ ನೋಡದವನಂತೆ ಆಕಾಶ ನೋಡಿದ.

“ಅಣ್ಣಾ, ಬಾ, ಊಟ ಮಾಡು!” ಎಂದು ಕೂಗಿದೆ. ನನ್ನ ಹೊಲಕ್ಕೆ ಬಂದವರನ್ನು ನಾನಲ್ಲದೆ ಯಾರು ಕರೆಯಬೇಕು?