ಅಟ್ಟದಿಂದ ಬೇಗ ಇಳಿದ ಕಾಯಿ

ನನ್ನ ಕೊಬ್ಬರಿ ಮಿಠಾಯಿ ಈಗ ಬೇಲೂರು, ಹಳೇಬೀಡಿನ ಅಂಗಡಿಗಳಲ್ಲಿ ಸಿಗುತ್ತದೆ. ಇದೆಲ್ಲ ಹೇಗಾಯಿತು ಎಂದು ಕೇಳಿದವರಿಗೆ ಶ್ರಮ, ಶ್ರದ್ಧೆ ಎಂದೇನೋ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜವಾದ ಕಾರಣ ಹೊಟ್ಟೆಕಿಚ್ಚು.

ಹಾರನಹಳ್ಳಿ ಪಕ್ಕದ ನಮ್ಮೂರಲ್ಲಿ ನನ್ನ ಮನೆ, ನನ್ನ ಹಿರಿಯ ವಾರಗಿತ್ತಿಯ ಮನೆ ಎದುರುಬದುರು. ತೆಂಗಿನ ತೋಟ ಇಬ್ಬರಿಗೂ ಸಮಪಾಲು. ಆದರೂ ಪ್ರತಿವರ್ಷ ಅರಸೀಕೆರೆ ಮಾರುಕಟ್ಟೆಗೆ ಮೊದಲು ಕೊಬ್ಬರಿ ಒಯ್ಯುವವಳು ಅವಳೇ, ವಾಪಸ್ ಬಂದು ಜಗುಲಿಯಲ್ಲಿ ಕಾಲು ಚಾಚಿ, "ನಿಂದಿನ್ನೂ ಅಟ್ಟದಲ್ಲೇ ಐತೇನೇ?" ಎನ್ನುವವಳೂ ಅವಳೇ. ಒಂದು ಸಲವಾದರೂ ಈ ಅಕ್ಕನನ್ನು ಸೋಲಿಸಬೇಕೆಂದು ಹಟ ಹಿಡಿದೆ.

ಅಟ್ಟಕ್ಕೆ ಹಾಕಿದ ಕಾಯಿ ಒಣಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಲ್ಲಾಡಿಸಿದಾಗ ಒಳಗಿನ ಕೊಬ್ಬರಿ ಲೊಟಲೊಟ ಎಂದರೆ ಮಾತ್ರ ಒಡೆಯಬೇಕು. ನಾನು ಅಲ್ಲಾಡಿಸಿದೆ, ಶಬ್ದ ಬರಲಿಲ್ಲ. ಬಂತು ಎಂದುಕೊಂಡೆ. ಗಂಡ ಬೇಡವೆಂದರೂ ಒಡೆಸಿ, ಎರಡು ಮೂಟೆ ತುಂಬಿಸಿ ಟೆಂಪೋ ಹತ್ತಿದೆ.

ಮಂಡಿಯವರು ಒಂದನ್ನು ಕತ್ತರಿಸಿ ಬೆರಳಲ್ಲಿ ಒತ್ತಿ ನೋಡಿದರು. "ಇನ್ನೂ ಹಸಿ ಐತಲ್ಲವ್ವ. ಯಾರಾದ್ರೂ ಅಟ್ಟಿಸ್ಕೊಂಡ್ ಬಂದ್ರಾ ನಿಮ್ಮನ್ನ?"

ವಾಪಸ್ ಬಂದಾಗ ಅಕ್ಕ ಜಗುಲಿಯಲ್ಲೇ ಇದ್ದಳು. "ಏನೇ, ಹೋದ ಮೂಟೆ ಹೋದಂಗೇ ಬಂದ್ವು?"

"ಮಾರಕ್ಕಲ್ಲ ಕಣಕ್ಕ, ತೂಕ ಹಾಕಿಸಕ್ಕೆ ಹೋಗಿದ್ದೆ. ಮಿಠಾಯಿ ಮಾಡಿ ಅಂಗಡಿಗೆ ಹಾಕ್ತೀನಿ," ಎಂದುಬಿಟ್ಟೆ.

ಆ ಸುಳ್ಳನ್ನು ಉಳಿಸಿಕೊಳ್ಳಲು ಕೊಬ್ಬರಿ ತುರಿದೆ, ಬೆಲ್ಲ ಕಾಸಿದೆ, ಎರಡು ಬಾಣಲೆ ಸುಟ್ಟೆ. ಮೂರನೇ ಸಲ ಬಾಯಿಗಿಡುವಂತಾಯಿತು. ಹಳೇಬೀಡಿನ ಬೇಕರಿಯವರು ತೆಗೆದುಕೊಂಡರು. ವಾರದೊಳಗೆ ಎದುರುಮನೆಯಿಂದಲೂ ಬೆಲ್ಲದ ಘಮ! ಅವಳು ತುಪ್ಪ ಹಾಕಿದಳು. ನಾನು ತುಪ್ಪದ ಜೊತೆ ಏಲಕ್ಕಿಯನ್ನೂ ಹಾಕಿದೆ. ಅವಳ ಮಿಠಾಯಿ ಬೇಲೂರಿಗೆ ಹೋಯಿತೆಂದು ಗೊತ್ತಾದ ದಿನವೇ ನಾನೂ ಬೇಲೂರಿನ ಬಸ್ ಹತ್ತಿದೆ. ಅವಳು ಡಬ್ಬಿಗೆ ಚೀಟಿ ಅಂಟಿಸಿದರೆ ನಾನು ಚೀಟಿಯಲ್ಲಿ ನನ್ನ ಫೋಟೋವನ್ನೇ ಹಾಕಿಸಿದೆ. ನಗಬೇಡಿ, ಎರಡೂ ಮನೆಯ ವ್ಯಾಪಾರ ಏರುತ್ತಲೇ ಹೋಯಿತು.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಅವಳ ಒಲೆ ಆರಿತು, ಅವಳ ಅಂಗಡಿಗಳೂ ನನ್ನ ಪಾಲಾದವು. ಅಂತೂ ಗೆದ್ದೆ. ಎರಡು ದಿನ ಬೀಗಿದೆ. ಮೂರನೇ ದಿನ ಪಾಕ ಹೊತ್ತಿತು, ನನಗೆ ಬೇಸರವೂ ಆಗಲಿಲ್ಲ. ಎದುರು ಜಗುಲಿಯಲ್ಲಿ ನೋಡುವವರೇ ಇಲ್ಲದ ಮೇಲೆ ಯಾರಿಗಾಗಿ ಚೆನ್ನಾಗಿ ಮಾಡುವುದು? ಅವಳಿಲ್ಲದೆ ನನಗೆ ಕೈಕಾಲೇ ಆಡುತ್ತಿರಲಿಲ್ಲ.

ತಡೆಯಲಾಗದೆ ಒಂದು ತುಂಡು ಮಿಠಾಯಿ ಒಯ್ದು ಅವಳ ಎಡಗೈಗಿಟ್ಟೆ. ನಿಧಾನವಾಗಿ ಅಗಿದಳು.

"ಕಲ್ಲಾಗೈತೆ. ಪಾಕ ಇಳಿಸೋದು ನಿಂಗಿನ್ನೂ ಬಂದಿಲ್ಲ."

"ಹಂಗಾದ್ರೆ ನೀನೇ ಮಾಡಿ ತೋರ್ಸಕ್ಕ!" ಎಂದು ರೇಗಿ ಬಂದೆ.

ಮರುದಿನ ಬೆಳಿಗ್ಗೆ ಎದುರುಮನೆಯಿಂದ ಅವಳ ದನಿ ಕೇಳಿಸಿತು. ಭಾವನನ್ನು ಗದರಿಸುತ್ತಿದ್ದಳು: "ಕೈ ಬಿಡ್ದೆ ತಿರುವ್ರೀ, ತಳ ಹತ್ತುತ್ತೆ!"

ನಾನು ಅರ್ಧ ಕುಡಿದ ಕಾಫಿ ಬಿಟ್ಟು ಒಲೆ ಹಚ್ಚಲು ಓಡಿದೆ.