ಅಕ್ಕ ಕೊಟ್ಟ ಟೊಮೆಟೊ

ಟೊಮೆಟೊ ಗಿಡದ ಚಿಗುರು ಚಿವುಟಿದರೆ ಬೆರಳಿಗೊಂದು ಹಸಿ ಕಮಟು ಹತ್ತುತ್ತದೆ. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ಮೊನ್ನೆ ನಮ್ಮ ತಾರಸಿಯ ಗಿಡ ಚಿವುಟಿ, ಮುಖ ಒರೆಸಿಕೊಳ್ಳಲು ಕೈ ಎತ್ತಿದೆ... ಅಷ್ಟಕ್ಕೇ ಅವರು ನೆನಪಾದರು.

ಅರಸೀಕೆರೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಭಾಗದಲ್ಲಿ ಅವರಿದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ತಾರಸಿ ಎರಡೂ ಮನೆಗೆ ಸೇರಿದ್ದು. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಕೊಟ್ಟಿಗೆ ಗೊಬ್ಬರ ಕಲಸಿ, ಖಾಲಿ ಅಕ್ಕಿಚೀಲಗಳಿಗೆ ತುಂಬಿ, ತಳಕ್ಕೆ ತೂತು ಮಾಡಿ ಸಾಲಾಗಿ ಇಟ್ಟಿದ್ದರು. ಸಸಿಯನ್ನು ಕತ್ತಿನವರೆಗೂ ಹೂಳಬೇಕು, ಕಾಂಡದಿಂದಲೂ ಬೇರು ಬರುತ್ತದೆ ಎಂದು ನನ್ನ ಕೈಹಿಡಿದು ಕಲಿಸಿದ್ದರು. ಮದುವೆಯಾದ ಹೊಸತು, ಆ ಊರಲ್ಲಿ ನನ್ನನ್ನು ಮಾತಾಡಿಸುವವರು ಅವರೊಬ್ಬರೇ.

ಅಕ್ಕ ಕೊಟ್ಟ ಮೊದಲ ಸಲದ ಹಣ್ಣಿನಲ್ಲಿ ಅತ್ತೆ ಮೆಚ್ಚಿ ಸಾರು ಮಾಡಿದರು. ಆಮೇಲೊಂದು ದಿನ ಏನೋ ಕೇಳಲು ಕೆಳಗೆ ಹೋದವರು, ನಡುಮನೆಯಲ್ಲಿ ಬುದ್ಧನ ಪಟ ನೋಡಿ ಬಂದರು. ಬೌದ್ಧರಾಗುವ ಮುಂಚೆ ಅಕ್ಕನ ಮನೆಯವರು ಯಾವ ಜಾತಿಯವರೆಂಬುದನ್ನು ಸಂಜೆಯೊಳಗೆ ಬೀದಿಯಲ್ಲಿ ವಿಚಾರಿಸಿಕೊಂಡರು. ಜಗಳವಾಡಲಿಲ್ಲ. ನಗುನಗುತ್ತಲೇ ಹಣ್ಣು ಇಸಿದುಕೊಂಡು, ಅಕ್ಕ ಕೆಲಸಕ್ಕೆ ಹೊರಟ ಮೇಲೆ ಹಿತ್ತಲ ಗೋಡೆಯಾಚೆಯ ಚರಂಡಿಗೆ ಸುರಿಯುತ್ತಿದ್ದರು. ಕೆಲವು ಸಲ ಸುರಿಯಲು ನನ್ನನ್ನೇ ಕಳಿಸಿದರು. ಹೋದೆ.

ಒಂದು ಭಾನುವಾರ ತಾರಸಿಯಲ್ಲಿ ನೀರು ಹಾಕುತ್ತಿದ್ದ ಅಕ್ಕ ಹಿತ್ತಲ ಕಡೆ ಬಗ್ಗಿ ನೋಡಿದರು. ಚರಂಡಿಯಲ್ಲಿ ಅವರ ಹಣ್ಣು ಹಾಗೇ ಬಿದ್ದಿತ್ತು.

"ಹಣ್ಣು ಕೆಟ್ಟೋಗಿದ್ವಾ?" ಎಂದು ಪಕ್ಕದಲ್ಲಿದ್ದ ನನ್ನನ್ನು ಕೇಳಿದರು.

"ಹೂಂ ಅಕ್ಕ, ಹುಳ ಬಿದ್ದಿತ್ತು," ಎಂದೆ.

ಅವರು ಉಳಿದ ಚೀಲಗಳಿಗೆ ನೀರು ಹಾಕಿ ಇಳಿದುಹೋದರು. ಮುಂದಿನ ವಾರ ಒಂದೇ ಒಂದು ಹಣ್ಣು, ಜೊತೆಗೆ ಚಾಕು ಹಿಡಿದು ನಮ್ಮ ಬಾಗಿಲಿಗೆ ಬಂದರು. ನನ್ನೆದುರೇ ಎರಡು ಹೋಳು ಮಾಡಿ ಒಂದನ್ನು ತಾವು ತಿಂದರು. ಇನ್ನೊಂದನ್ನು ಚಾಚಿ, "ನೋಡು, ಇದ್ರಲ್ಲಿ ಹುಳ ಇಲ್ಲ ಕಣಮ್ಮ," ಎಂದರು.

ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆ ಹಚ್ಚಿರಲೂ ಇಲ್ಲ... ತಿರುಗಿ ಬಂದಾಗ ಅವರು ಮೆಟ್ಟಿಲಿಳಿಯುತ್ತಿದ್ದರು. ಎಷ್ಟು ನಿಧಾನವಾಗಿ ಇಳಿದರು ಎಂಬುದು ಈಗಲೂ ಕಣ್ಣಮುಂದಿದೆ.

ಆಮೇಲೆ ಅವರು ಹಣ್ಣು ಕೊಡಲಿಲ್ಲ. ವರ್ಷದೊಳಗೆ ವರ್ಗ ಕೇಳಿ ಪಡೆದು ಬೇಲೂರಿಗೆ ಹೋದರು. ನಾನು ಬೀಳ್ಕೊಡಲೂ ಇಳಿದು ಹೋಗಲಿಲ್ಲ.

ಈ ಬೇಸಿಗೆಯಲ್ಲಿ ಬೇಲೂರಿನ ಬಸ್ ನಿಲ್ದಾಣದಲ್ಲಿ ಅವರ ಯಜಮಾನರು ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ.

"ನಿಮ್ಮ ಬಗ್ಗೆ ಹೇಳ್ತಿದ್ಲು," ಎಂದರು ಅವರು. "ಒಳ್ಳೆ ಹುಡುಗಿ, ಪಾಪ, ಅತ್ತೆಗೆ ಹೆದರ್ಕೊಂಡು ಹಾಗ್ಮಾಡಿದ್ಲು ಅಂತ."

ಬಸ್ಸು ಬಂತು, ಅವರು ಹತ್ತಿದರು. ನಾನು ನಿಜ ಹೇಳಲಿಲ್ಲ. ಅಕ್ಕ ಅರ್ಧ ಹಣ್ಣು ಚಾಚಿ ನಿಂತ ಆ ದಿನ ಅತ್ತೆ ಕಣಕಟ್ಟೆಯ ಮಗಳ ಮನೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ.